ಮಂಜಿನಲ್ಲಿ ನಾನು ಓಗೊಡಲಿಲ್ಲ

ಎರಡು ವರ್ಷದ ಹಿಂದಿನ ಮೇ ತಿಂಗಳು, ಶಾಲೆಗೆ ಬೇಸಿಗೆ ರಜೆ. ನಾನು ಬೆಂಗಳೂರಿನ ಬಸವೇಶ್ವರನಗರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ವಯಸ್ಸು ನಲವತ್ತೇಳು, ಮದುವೆಯಾಗಿಲ್ಲ. ವಿಜಯನಗರದ ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಗಿ ಆಗಲೇ ನಾಲ್ಕು ವರ್ಷವಾಗಿತ್ತು. ಊಟ ಮಾಡಿದ್ದು, ಸ್ನಾನ ಮಾಡಿದ್ದು ಯಾವುದೂ ನೆನಪಿರುತ್ತಿರಲಿಲ್ಲ. ನನ್ನ ಹೆಸರು ಮಾತ್ರ ಗಟ್ಟಿಯಾಗಿ ನಿಂತುಬಿಟ್ಟಿತ್ತು. ಐದು ನಿಮಿಷಕ್ಕೊಮ್ಮೆ "ಗೀತಾ... ಗೀತಾ..." ಎಂಬ ಕೂಗು. ಓಡಿ ಹೋಗಿ ನಿಂತರೆ, "ಏನಿಲ್ಲ ಕಣೇ, ಇದೀಯೋ ಇಲ್ವೋ ಅಂತ ಕರೆದೆ" ಎನ್ನುತ್ತಿದ್ದಳು.

ಒಂದು ಭಾನುವಾರ ಕೆಂಗೇರಿಯಿಂದ ತಮ್ಮನ ಹೆಂಡತಿ ಶೋಭಾ ಬಂದಿದ್ದಳು. ಅವಳ ಎದುರಿಗೇ ನಾನು ಅಮ್ಮನ ಮೇಲೆ ಕೂಗಾಡಿದೆ. ಶೋಭಾ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, "ಅತ್ತಿಗೆ, ನಿಮ್ಮ ಮುಖ ನೀವೇ ಕನ್ನಡೀಲಿ ನೋಡ್ಕೊಳ್ಳಿ. ರಜೇಲಿ ಎಲ್ಲಾದ್ರೂ ಹೋಗ್ಬನ್ನಿ. ಅತ್ತೇನ ಕೆಂಗೇರಿಗೆ ಕರ್ಕೊಂಡ್ ಹೋಗಿ ನಾನು ನೋಡ್ಕೋತೀನಿ" ಎಂದಳು.

ನಮ್ಮ ಶಾಲೆಯ ಟೀಚರೊಬ್ಬರು ಒಂದು ಗುಂಪಿನ ಜೊತೆ ಹಿಮಾಚಲಕ್ಕೆ ಟ್ರೆಕ್ಕಿಂಗ್ ಹೊರಟಿದ್ದರು. ಆರು ದಿನ ಬೆಟ್ಟದಲ್ಲೇ ನಡಿಗೆ, ಟೆಂಟಿನಲ್ಲಿ ವಾಸ. ನೀವೂ ಬನ್ನಿ ಎಂದರು, ಹೂಂ ಅಂದುಬಿಟ್ಟೆ. ಅಭ್ಯಾಸಕ್ಕೆಂದು ಬೆನ್ನಚೀಲಕ್ಕೆ ಅಕ್ಕಿ ತುಂಬಿಕೊಂಡು ಬೆಳಿಗ್ಗೆ ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ನಡೆದೆ. ವಾಕಿಂಗ್ ಬಂದ ಹಿರಿಯರೊಬ್ಬರು "ಯಾಕಮ್ಮಾ, ಬಸ್ ಸಿಗ್ಲಿಲ್ವಾ?" ಎಂದು ಕೇಳಿದ್ದರು.

ಬೆಟ್ಟದಲ್ಲಿ ಮೊದಲ ಎರಡು ದಿನ ಕಾಲಿನ ನೋವು, ತಲೆ ತುಂಬ ಅಮ್ಮ. ಮೂರನೇ ದಿನದಿಂದ ಫೋನಿಗೆ ಸಿಗ್ನಲ್ಲೇ ಇಲ್ಲ. ಅಮ್ಮ ನನ್ನನ್ನು ಹುಡುಕಿ ಬೀದಿಗೆ ಬಂದಿದ್ದರೆ? ನನ್ನ ಟೆಂಟಿನ ಜೊತೆಗಾತಿ ರೇಣುಕಾ ಸಮಾಧಾನ ಹೇಳುತ್ತಿದ್ದಳು. ಬಾಗಲಕೋಟೆಯ ಕಡೆಯವಳು, ಬಾಪೂಜಿ ನಗರದಲ್ಲಿ ರೂಮು ಮಾಡಿಕೊಂಡು ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವವಳು.

ನಾಲ್ಕನೇ ದಿನ ಬೆಳಿಗ್ಗೆ ದೊಡ್ಡದೊಂದು ಹುಲ್ಲುಗಾವಲನ್ನು ದಾಟುತ್ತಿದ್ದೆವು. ಶೂ ಲೇಸು ಬಿಚ್ಚಿಕೊಂಡಿತೆಂದು ನಾನು ಬಗ್ಗಿದೆ. ಕಟ್ಟಿ ತಲೆಯೆತ್ತುವಷ್ಟರಲ್ಲಿ ಮಂಜು ಮುಚ್ಚಿಕೊಂಡಿತ್ತು. ಮುಂದೆ ಹೋದವರು ಕಾಣುತ್ತಿಲ್ಲ, ಬಂದ ದಾರಿಯೂ ಕಾಣುತ್ತಿಲ್ಲ. ಮಂಜು ಬಂದರೆ ಇದ್ದಲ್ಲೇ ಕೂತುಬಿಡಿ ಎಂದು ಗೈಡ್ ಮೊದಲೇ ಹೇಳಿದ್ದರು. ಒಂದು ಬಂಡೆಗೆ ಒರಗಿ ಕೂತೆ.

ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಎದೆ ಎಷ್ಟು ಹಗುರಾಯಿತೆಂದರೆ, ನನಗೇನಾದರೂ ಆಗಿದೆಯಾ ಎಂದು ಮಣಿಕಟ್ಟು ಹಿಡಿದು ನಾಡಿ ನೋಡಿಕೊಂಡೆ. ಗಾಳಿಯೂ ಇರಲಿಲ್ಲ. ನನ್ನ ಉಸಿರು ನನಗೇ ಕೇಳುತ್ತಿತ್ತು. ಆಗ ದೂರದಿಂದ ರೇಣುಕಾಳ ದನಿ ಬಂತು.

"ಗೀತಕ್ಕಾ... ಎಲ್ಲಿದ್ದೀರಿ?"

ಸ್ಪಷ್ಟವಾಗಿ ಕೇಳಿಸಿತು. ಓಗೊಡಲಿಲ್ಲ. ಮತ್ತೆ ಕರೆದಳು, ಇನ್ನೂ ಹತ್ತಿರದಿಂದ. ಆಗಲೂ ಬಾಯಿ ತೆರೆಯಲಿಲ್ಲ. ಯಾಕೆ ಎಂದು ಇವತ್ತು ಕೇಳಿದರೂ ಹೇಳಲಾರೆ. ಇನ್ನೊಂದು ನಿಮಿಷ, ಇನ್ನೊಂದೇ ನಿಮಿಷ ಎಂದು ಮುಷ್ಟಿ ಬಿಗಿಹಿಡಿದು ಕೂತಿದ್ದೆ. ಮೂರನೇ ಸಲದ ಕೂಗು ಅರ್ಧಕ್ಕೇ ನಿಂತಿತು. ಕಲ್ಲು ಉರುಳಿದ ಸದ್ದು, ಹಿಂದೆಯೇ "ಅಯ್ಯೋ ಯವ್ವಾ!"

"ರೇಣುಕಾ! ಅಲ್ಲೇ ಇರು, ಬಂದೆ!" ಎಂದು ಕಿರುಚಿಕೊಂಡು ಎದ್ದೆ. ದನಿ ಬಂದ ಕಡೆಗೆ ಕೈಯೂರಿ ತೆವಳಿದೆ. ಅವಳು ಇಳಿಜಾರಿನಲ್ಲಿ ಜಾರಿ ಒಂದು ಪೊದೆಯನ್ನು ಹಿಡಿದುಕೊಂಡಿದ್ದಳು. ನನ್ನ ಬೆನ್ನಚೀಲದ ಪಟ್ಟಿ ಕೊಟ್ಟು ಎಳೆದುಕೊಂಡೆ. ಅಷ್ಟರಲ್ಲಿ ಗೈಡ್ ಕೂಡ ಓಡಿ ಬಂದರು. ಮೊಣಕಾಲು ತರಚಿದ್ದು ಬಿಟ್ಟರೆ ಅವಳಿಗೆ ಏನೂ ಆಗಿರಲಿಲ್ಲ. ಆದರೆ ಮಂಜು ತಿಳಿಯಾದ ಮೇಲೆ ಆ ಪೊದೆಯ ಕೆಳಗೆ ನೋಡಿದೆ. ಪ್ರಪಾತ.

"ಅಷ್ಟ್ ಕೂಗಿದ್ನಲ್ರೀ ಅಕ್ಕಾ, ಕೇಳಿಸ್ಲಿಲ್ಲೇನು?"

"ಇಲ್ಲ" ಎಂದೆ.

ಸಂಜೆ ಟೆಂಟಿನಲ್ಲಿ ಅವಳ ಮೊಣಕಾಲಿಗೆ ಮುಲಾಮು ಹಚ್ಚುವಾಗ ತಡೆಯಲಾಗಲಿಲ್ಲ. "ಕೇಳಿಸಿತ್ತು ರೇಣುಕಾ. ಬೇಕಂತ್ಲೇ ಸುಮ್ನಿದ್ದೆ" ಎಂದು ಅತ್ತುಬಿಟ್ಟೆ. ಅಮ್ಮನ ವಿಷಯ ಎಲ್ಲವನ್ನೂ ಹೇಳಿದೆ. ಅವಳು ಮುಲಾಮಿನ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮುಚ್ಚಳ ಹಾಕಿದಳು. ಇನ್ನು ನನ್ನ ಮುಖ ನೋಡುವುದಿಲ್ಲ ಅಂದುಕೊಂಡೆ.

"ಸಿಟ್ಟು ಬಂದೈತ್ರೀ, ಸುಳ್ಳು ಹೇಳಂಗಿಲ್ಲ" ಎಂದಳು ಕೊನೆಗೆ. "ಆದ್ರ ನಾನೂ ಏನ್ ಕಮ್ಮಿ ಇಲ್ಲ. ವಾರ್ಡಿನ್ಯಾಗ ಬೆಲ್ ಮ್ಯಾಲ ಬೆಲ್ ಹೊಡೀತಿರ್ತಾರ. ಒಮ್ಮೊಮ್ಮೆ ಔಷಧದ ಕೋಣ್ಯಾಗ ಹೋಗಿ ಎರಡು ನಿಮಿಷ ಸುಮ್ಮನ ನಿಂತಬಿಡ್ತೀನಿ. ಆಮ್ಯಾಲ ಓಡಿಹೋಗಿ ಪೇಷಂಟ್ ನೋಡೂತನಕ ಜೀವದಾಗ ಜೀವ ಇರಂಗಿಲ್ಲ." ಹಾಗೆಂದು ಮಲಗುವ ಚೀಲದೊಳಗೆ ಸೇರಿಕೊಂಡಳು. ಮರುದಿನ ಇಡೀ ದಾರಿ ನನ್ನ ಪಕ್ಕವೇ ನಡೆದಳು.

ಬೆಂಗಳೂರಿಗೆ ಬಂದವಳು ನೇರ ಕೆಂಗೇರಿಗೆ ಹೋದೆ. ಅಮ್ಮ ಅತ್ತು ಅತ್ತು ಸೊರಗಿರುತ್ತಾಳೆ ಎಂದುಕೊಂಡಿದ್ದೆ. ಅವಳು ಕುರ್ಚಿಯಲ್ಲಿ ಕೂತು ಶೋಭಾಳ ಕೈಯಿಂದ ಉಪ್ಪಿಟ್ಟು ತಿನ್ನುತ್ತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, "ಗೀತಾ, ಯಾರೋ ಬಂದಿದಾರೆ ನೋಡೇ. ಕಾಫಿ ಮಾಡು" ಎಂದಳು. ಹೇಳಿದ್ದು ಶೋಭಾಗೆ.

ಶೋಭಾಳ ಮುಖ ಸಣ್ಣಗಾಯಿತು. "ನೀವು ಹೋದ ಎರಡನೇ ದಿನದಿಂದ ನನ್ನೇ ಗೀತಾ ಅಂತಿದಾರೆ. ಬೇಜಾರ್ ಮಾಡ್ಕೋಬೇಡಿ ಅತ್ತಿಗೆ."

ನೆಂಟರ ಹಾಗೆ ಸೋಫಾದ ತುದಿಯಲ್ಲಿ ಕೂತು ಕಾಫಿ ಕುಡಿದೆ. ನಾನಿಲ್ಲದಿದ್ದರೂ ಅಮ್ಮ ಚೆನ್ನಾಗಿದ್ದಾಳೆ ಎಂಬ ನಿರಾಳವೋ, ನಾಲ್ಕು ವರ್ಷ ಅವಳು ಕರೆದದ್ದು ನಿಜವಾಗಿ ಯಾರನ್ನು ಎಂಬ ಸಂಕಟವೋ, ಎರಡೂ ಒಂದರೊಳಗೊಂದು ಕಲಸಿಕೊಂಡಿದ್ದವು.

ಈಗ ತಿಂಗಳಲ್ಲಿ ಹತ್ತು ದಿನ ಅಮ್ಮ ಕೆಂಗೇರಿಯಲ್ಲಿರುತ್ತಾಳೆ. ಆ ಹತ್ತು ದಿನ ನಾನು ಬೆಟ್ಟವನ್ನು ನೆನೆಯುತ್ತೇನೆ. ಅಲ್ಲಿ ಸಿಕ್ಕಿದ್ದು ನೆಮ್ಮದಿಯೇ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದನ್ನು ನೆನೆದಾಗಲೆಲ್ಲ ಪೊದೆಯ ಕೆಳಗಿನ ಆ ಪ್ರಪಾತವೂ ಕಣ್ಣಿಗೆ ಬರುತ್ತದೆ. ಖುಷಿಪಡಬೇಕೋ ನಾಚಿಕೆಪಡಬೇಕೋ ಇನ್ನೂ ತಿಳಿದಿಲ್ಲ.

ಹೋದ ತಿಂಗಳು ಅಮ್ಮನನ್ನು ಬಿಡಲು ಬಂದ ಶೋಭಾ ಬಾಗಿಲಲ್ಲೇ ನಿಂತು, ಸಂಕೋಚದಿಂದ ಕೇಳಿದಳು: "ಅತ್ತಿಗೆ, ಆ ಬೆಟ್ಟಕ್ಕೆ ನಾನೂ ಒಂದ್ಸಲ ಹೋಗ್ಬರ್ಲಾ?"

"ಹೋಗ್ಬಾ" ಎಂದೆ. "ಅಲ್ಲಿ ಹೇಗಿರುತ್ತೆ?" ಎಂದಳು. ನಾನು ಅವಳ ಅಳತೆಗೆ ನನ್ನ ಬೆನ್ನಚೀಲದ ಪಟ್ಟಿ ಸಡಿಲಿಸಲು ಒಳಗೆ ಹೋದೆ.