ಮಂಜುಳಾ ಎಣಿಸಿದ ಹತ್ತು

ಕೊರೊನಾ ಗಲಾಟೆ ಮುಗಿದು ಎರಡು ವರ್ಷವಾಗಿತ್ತು. ಆಗ ನಾನು ರಾಜಾಜಿನಗರದ ಒಂದು ಮಕ್ಕಳ ಆಸ್ಪತ್ರೆಯ ಹಾರ್ಮೋನ್ ವಿಭಾಗದಲ್ಲಿ ಸೀನಿಯರ್ ನರ್ಸ್. ಇಪ್ಪತ್ತೆಂಟು ವರ್ಷದ ಸರ್ವೀಸು. ಬೆಳವಣಿಗೆಯ ಹಾರ್ಮೋನ್ ಕಡಿಮೆಯಿರುವ ಮಕ್ಕಳಿಗೆ ದಿನಾ ಮಲಗುವ ಮುಂಚೆ ಮನೆಯಲ್ಲೇ ಇಂಜೆಕ್ಷನ್ ಕೊಡಬೇಕು. ಅದನ್ನು ತಂದೆತಾಯಿಗೆ ಕಲಿಸುವುದು ನನ್ನ ಪಾಲಿನ ಕೆಲಸ.

ಇದಕ್ಕೆ ಸಿರಿಂಜ್ ಬೇಕಿಲ್ಲ, ಪೆನ್ ಎಂದು ಕರೆಯುವ ಸಾಧನವಿದೆ. ಒಳಗೆ ಔಷಧಿ ತುಂಬಿದ ಕಾರ್ಟ್ರಿಡ್ಜ್, ತುದಿಗೆ ದಿನಕ್ಕೊಂದು ಹೊಸ ಸಣ್ಣ ಸೂಜಿ. ಹಿಂದಿನ ಡಯಲ್ ತಿರುಗಿಸಿ ಡೋಸ್ ಇಟ್ಟುಕೊಂಡು, ಸೂಜಿ ಚುಚ್ಚಿ, ಬಟನ್ ಒತ್ತಬೇಕು. ಔಷಧಿ ಇಳಿದ ಹಾಗೆ ಪುಟ್ಟ ಕಿಂಡಿಯಲ್ಲಿ ಅಂಕಿ ಕಡಿಮೆಯಾಗುತ್ತಾ ಬಂದು ಸೊನ್ನೆಗೆ ನಿಲ್ಲುತ್ತದೆ. ಆಮೇಲೂ ಹತ್ತು ಸೆಕೆಂಡ್ ಸೂಜಿಯನ್ನು ಹಾಗೇ ಹಿಡಿದಿರಬೇಕು. ಎಂಥವರಿಗೂ ಇದನ್ನು ಹದಿನೈದು ನಿಮಿಷದಲ್ಲಿ ಕಲಿಸಿಬಿಡುತ್ತೇನೆ ಎಂಬ ಜಂಬ ನನಗಿತ್ತು.

ಹೆಗ್ಗನಹಳ್ಳಿಯ ಮಂಜುಳಾ ಮನೆಯಲ್ಲೇ ಊದುಬತ್ತಿ ಪ್ಯಾಕಿಂಗ್ ಮಾಡುತ್ತಿದ್ದ ಹೆಂಗಸು. ಮಗಳು ಭೂಮಿಕಾಗೆ ಎಂಟು ವರ್ಷ, ಎತ್ತರ ನೂರಾ ಎಂಟು ಸೆಂಟಿಮೀಟರ್. ಮೂರನೇ ಕ್ಲಾಸಿನ ಹುಡುಗಿಯನ್ನು ಸ್ಕೂಲ್ ಆಯಾ ಎರಡು ಸಲ ಯುಕೆಜಿ ಮಕ್ಕಳ ಜೊತೆ ಕೂರಿಸಿದ್ದಳಂತೆ. ಚಿಕಿತ್ಸೆ ಶುರುವಾಗಿ ಆರು ತಿಂಗಳಾದ ಮೇಲೆ ಅಳತೆ ತೆಗೆದೆವು. ಬೆಳೆದಿದ್ದು ಬರೀ ಎರಡು ಸೆಂಟಿಮೀಟರ್. ಔಷಧಿ ಇಲ್ಲದಾಗಲೂ ಅಷ್ಟೇ ಬೆಳೆಯುತ್ತಿದ್ದಳು.

ನಮ್ಮ ಡಾಕ್ಟರು ಫೈಲು ಮುಚ್ಚಿ, "ಇನ್ನು ಮೂರು ತಿಂಗಳು ನೋಡೋಣ. ಆಗಲೂ ಹೀಗೇ ಇದ್ರೆ ನಿಲ್ಲಿಸೋದೇ," ಎಂದರು. ನಿಲ್ಲಿಸಿದರೆ ಆ ಮಗುವಿಗೆ ಬೇರೆ ದಾರಿ ಇರಲಿಲ್ಲ. ಎತ್ತರ ಬೆಳೆಯುವುದಕ್ಕೂ ಒಂದು ವಯಸ್ಸಿದೆ, ಅದು ದಾಟಿದರೆ ಮುಗಿಯಿತು.

ಮಂಜುಳಾ ಡೋಸ್ ತಪ್ಪಿಸುತ್ತಿದ್ದಾಳೆ ಎಂದೇ ನಾನು ತೀರ್ಮಾನಿಸಿದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದವಳನ್ನು ನಾಲ್ಕು ಜನರ ಎದುರಿಗೇ ತರಾಟೆಗೆ ತೆಗೆದುಕೊಂಡೆ. "ದೇವರಾಣೆಗೂ ಒಂದಿನಾನೂ ತಪ್ಪಿಸಿಲ್ಲ ಮೇಡಂ," ಎನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿತು. ಭೂಮಿಕಾ ಅಮ್ಮನ ಸೆರಗು ಹಿಡಿದುಕೊಂಡು, "ಅಮ್ಮ ದಿನಾ ಹಾಕ್ತಾಳೆ ಆಂಟಿ," ಎಂದಳು. ಆ ಮಗುವಿನ ಮಾತನ್ನೂ ನಾನು ನಂಬಲಿಲ್ಲ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಭಾನುವಾರ ಸಂಜೆ ಬಸ್ ಹತ್ತಿ ಅವರ ಮನೆಗೇ ಹೋದೆ. ಕಳ್ಳತನ ಹಿಡಿಯಲು ಹೊರಟ ಪೊಲೀಸಿನ ಗತ್ತು ನನ್ನದು. ಒಂದು ರೂಮು, ಒಂದು ಅಡುಗೆಮನೆ, ಮೂಗಿನ ತುಂಬಾ ಊದುಬತ್ತಿಯ ಘಮ. ಮಂಜುಳಾ ಕಡ್ಡಿಯ ರಾಶಿ ಮುಂದೆ ಕೂತು ಪ್ಯಾಕೆಟ್ಟಿಗೆ ಹತ್ತರಂತೆ ತುಂಬುತ್ತಿದ್ದಳು. ತುಟಿ ಅಲ್ಲಾಡಿದ್ದು ಕಂಡಿತು, ಅಷ್ಟರಲ್ಲಿ ಹತ್ತು ಕಡ್ಡಿ ಒಳಗೆ. ನಾನು ಮನಸ್ಸಿನಲ್ಲಿ "ಮೂರು" ಎನ್ನುವಷ್ಟರಲ್ಲಿ ಅವಳು ಮುಂದಿನ ಪ್ಯಾಕೆಟ್ಟಿಗೆ ಕೈ ಹಾಕಿರುತ್ತಿದ್ದಳು. ಇಂಥ ಕೈಚಳಕ ನಾನು ಆಪರೇಷನ್ ಥಿಯೇಟರಿನಲ್ಲೂ ನೋಡಿರಲಿಲ್ಲ.

ಎಂಟು ಗಂಟೆಗೆ ಮಗುವಿನ ಊಟವಾಯಿತು. ಮಂಜುಳಾ ಸೋಪು ಹಾಕಿ ಕೈ ತೊಳೆದು ಫ್ರಿಜ್ಜಿನಿಂದ ಪೆನ್ ತೆಗೆದಳು. ಹೊಸ ಸೂಜಿ ಹಾಕಿದಳು, ಡೋಸ್ ಸರಿಯಾಗಿಟ್ಟಳು. ತಪ್ಪು ಹುಡುಕಲು ಹೋದವಳಿಗೆ ಒಂದೂ ಸಿಗಲಿಲ್ಲ. ಮಗಳ ತೊಡೆಗೆ ಚುಚ್ಚಿ, ಬಟನ್ ಮೇಲೆ ಹೆಬ್ಬೆರಳಿಟ್ಟು ಒತ್ತತೊಡಗಿದಳು. ಒತ್ತುತ್ತಿದ್ದಂತೆಯೇ ತುಟಿಯೂ ಅಲ್ಲಾಡತೊಡಗಿತು. ಆಯಿತು, ಸೂಜಿ ಹೊರಗೆ ಬಂತು.

ಪೆನ್ ಇಸಿದುಕೊಂಡು ನೋಡಿದೆ. ಸೂಜಿಯ ತುದಿಯಲ್ಲಿ ಔಷಧಿ ತೊಟ್ಟಿಕ್ಕುತ್ತಿತ್ತು. ಕಿಂಡಿಯಲ್ಲಿ ಸೊನ್ನೆ ಬಂದೇ ಇರಲಿಲ್ಲ, ಅರ್ಧ ಡೋಸ್ ಪೆನ್ನಿನಲ್ಲೇ ಉಳಿದಿತ್ತು.

"ಇಷ್ಟು ಬೇಗ ಯಾಕ್ ತೆಗೆದ್ರಿ ಮಂಜುಳಾ?"

"ಹತ್ತು ಎಣಿಸಿದ್ನಲ್ಲ ಮೇಡಂ. ನೀವೇ ಹೇಳಿದ್ರಿ, ಒತ್ತಿ ಹತ್ತು ಎಣಿಸಿ ತೆಗೀರಿ ಅಂತ."

ನನ್ನ ಜಂಬವೆಲ್ಲ ಅಲ್ಲೇ ಇಳಿದುಹೋಯಿತು. ನಾನು ಹೇಳಿದ್ದು ಅಷ್ಟೇ. ಸೆಕೆಂಡ್ ಅಂದಿರಲಿಲ್ಲ, ಸೊನ್ನೆ ಬಂದ ಮೇಲೆ ಶುರುಮಾಡಿ ಎಂದೂ ಬಿಡಿಸಿ ಹೇಳಿರಲಿಲ್ಲ. ದಿನವಿಡೀ ಹತ್ತು ಹತ್ತು ಎಂದು ಎಣಿಸುವವಳು ತನಗೆ ರೂಢಿಯಾದ ವೇಗದಲ್ಲೇ ಎಣಿಸಿದ್ದಳು. ಬಟನ್ನೋ ಬಲು ಗಟ್ಟಿ, ನಿಧಾನಕ್ಕೆ ಇಳಿಯುವಂಥದ್ದು. ಕಾರ್ಟ್ರಿಡ್ಜ್‌ಗಳು ಲೆಕ್ಕಕ್ಕಿಂತ ಹೆಚ್ಚು ದಿನ ಬರುತ್ತಿದ್ದುದನ್ನಾದರೂ ನಾನು ಗಮನಿಸಬೇಕಿತ್ತು. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ, ಕಲಿಸಿದ ದಿನ ಪೆನ್ನನ್ನು ಅವಳ ಕೈಗೇ ಕೊಟ್ಟಿರಲಿಲ್ಲ. ನಾನು ಮಾಡಿ ತೋರಿಸಿ "ಗೊತ್ತಾಯ್ತಾ?" ಎಂದಿದ್ದೆ, ಅವಳು "ಗೊತ್ತಾಯ್ತು ಮೇಡಂ" ಎಂದಿದ್ದಳು. ಯೂನಿಫಾರಂ ಹಾಕಿದವರ ಎದುರಿಗೆ ಗೊತ್ತಾಗಲಿಲ್ಲ ಎನ್ನುವ ಧೈರ್ಯ ಎಷ್ಟು ಜನಕ್ಕಿದೆ?

"ತಪ್ಪು ನಂದು. ನಿಮ್ಮನ್ನ ಎಲ್ರ ಮುಂದೆ ಬೈದೆ, ಕ್ಷಮಿಸಿ," ಎಂದೆ. ಅವಳು ಗಾಬರಿಯಾಗಿ, "ಅಯ್ಯೋ, ಬಿಡಿ ಮೇಡಂ, ಕಾಫಿ ಕುಡೀರಿ," ಎಂದಳು.

ಮರುದಿನ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮನೆಯಲ್ಲಿ ಹೊಸ ಏರ್ಪಾಡಾಯಿತು. ಕಿಂಡಿ ನೋಡುವುದು ಭೂಮಿಕಾಳ ಜವಾಬ್ದಾರಿ. ಅವಳು "ಸೊನ್ನೆ!" ಎಂದು ಕೂಗಿದ ಮೇಲೆ ತಾಯಿ ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನೋಡಬೇಕು. ಇಬ್ಬರಿಂದಲೂ ನನ್ನ ಕಣ್ಣೆದುರಿಗೇ ಸ್ಪಂಜಿನ ಮೇಲೆ ಐದು ಸಲ ಅಭ್ಯಾಸ ಮಾಡಿಸಿದೆ.

ಮೂರು ತಿಂಗಳ ನಂತರ ಅಳತೆಯ ದಿನ ನಾನೇ ಭೂಮಿಕಾಳನ್ನು ನಿಲ್ಲಿಸಿ ಅಳೆದೆ. ಮೂರು ಸೆಂಟಿಮೀಟರ್! ನಂಬಿಕೆಯಾಗದೆ ಡಾಕ್ಟರು ತಾವೇ ಮತ್ತೆ ಅಳೆದರು. ಅಷ್ಟೇ ಬಂತು. ಮಂಜುಳಾ ಅತ್ತಳು, ನಾನೂ ಅತ್ತೆ. ಹೊಸ ಏರ್ಪಾಡಿಗೆ ವರ್ಷ ತುಂಬುವಷ್ಟರಲ್ಲಿ ಹತ್ತು ಸೆಂಟಿಮೀಟರ್ ದಾಟಿತ್ತು. "ಆಂಟಿ, ಪ್ರೇಯರ್ ಲೈನಲ್ಲಿ ಈಗ ನಾನು ನಾಲ್ಕನೆಯವ್ಳು! ನನ್ ಮುಂದೆ ನನಗಿಂತ ಕುಳ್ಳಗಿರೋರು ಮೂರ್ ಜನ ಇದಾರೆ," ಎಂದು ಭೂಮಿಕಾ ಇಡೀ ವಾರ್ಡಿಗೆ ಕೇಳುವಂತೆ ಸಾರಿದಳು.

ನಾನು ನಿವೃತ್ತಳಾಗುವ ತಿಂಗಳು ಕಂಪನಿಯೊಂದರ ಪ್ರತಿನಿಧಿ ಹೊಸ ಪೆನ್ ತಂದು, "ತುಂಬಾ ಈಜಿ ಮೇಡಂ, ಯಾರ್ ಬೇಕಾದ್ರೂ ಯೂಸ್ ಮಾಡ್ಬಹುದು," ಎಂದ. ಚೆಕಪ್ಪಿಗೆ ಬಂದಿದ್ದ ಮಂಜುಳಾಳನ್ನು ಒಳಗೆ ಕರೆದೆ. ಒಂದು ಮಾತೂ ವಿವರಿಸದೆ ಪೆನ್ನನ್ನೂ ಅಭ್ಯಾಸದ ಸ್ಪಂಜನ್ನೂ ಅವಳ ಮುಂದಿಟ್ಟೆ. ಸಾಧನ ಸುಲಭವೋ ಅಲ್ಲವೋ ಎಂದು ಹೇಳಬೇಕಾದವರು ಮಾಡಿದವರೂ ಅಲ್ಲ, ಕಲಿಸುವವರೂ ಅಲ್ಲ, ಅದನ್ನು ದಿನಾ ಒತ್ತುವವರು. ಇಷ್ಟನ್ನು ತಿಳಿಯಲು ನನಗೆ ಇಪ್ಪತ್ತೆಂಟು ವರ್ಷ ಬೇಕಾಯಿತು.

ಅವಳು ತಿರುಗಿಸಿ, ಒತ್ತಿ, ಬೆಳಕಿಗೆ ಹಿಡಿದು ನೋಡಿದಳು. "ಬಟನ್ ಮೆತ್ತಗಿದೆ ಸಾರ್, ಚೆನ್ನಾಗಿದೆ. ಆದ್ರೆ ನಂಬರ್ ತೀರಾ ಸಣ್ಣ. ಮುಗಿದಾಗ ಟಕ್ ಅಂತ ಸೌಂಡೂ ಬರಲ್ಲ, ಗೊತ್ತಾಗೋದ್ ಹೆಂಗೆ?"

ಕಂಪನಿಯ ಹುಡುಗ ಡೈರಿ ತೆಗೆದ. ಮಂಜುಳಾ ಕುರ್ಚಿ ಎಳೆದುಕೊಂಡು ಕೂತಳು.

"ಇನ್ನೂ ಇದೆ ಸಾರ್, ಬರ್ಕೊಳ್ಳಿ," ಎಂದಳು.