ಮಂಜುಳಳ ಕಣ್ಣು, ನನ್ನ ಮಾನಿಟರು

ಮಂಜುಳಳ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಅವಳ ಹೆಸರು ಕೆಡಿಸಿದವನು ನಾನೇ.

ರಾಯದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆಗಳಿಗೆ ಹೋಗಿ ಕ್ಯಾಮೆರಾ ಹಿಡಿಯುವವನು ನಾನು, ಸಿದ್ದರಾಮೇಶ್. ತಂದದ್ದನ್ನು ಕತ್ತರಿಸಿ, ಬಣ್ಣ ತಿದ್ದಿ, ನೋಡುವ ಹಾಗೆ ಮಾಡುವವಳು ಮಂಜುಳ. ಮಡಕಶಿರಾದಿಂದ ಇಲ್ಲಿಗೆ ಮದುವೆಯಾಗಿ ಬಂದ ಹೆಣ್ಣುಮಗಳು, ಆರು ವರ್ಷದಿಂದ ನನ್ನಲ್ಲಿ ಕೆಲಸ. ಕಣೇಕಲ್ಲಿನ ಸ್ಟುಡಿಯೋದವರೂ ಅವಳಿಗೇ ಆಲ್ಬಂ ಕಳಿಸುತ್ತಿದ್ದರು. ಸೀರೆ ಗಿಳಿಹಸಿರೋ ಎಲೆಹಸಿರೋ ಎಂದು ಅವಳು ಹೇಳಿದರೆ ಮುಗಿಯಿತು, ಸೀರೆ ಕೊಂಡವರೂ ಹೌದೆನ್ನಬೇಕು. ಆ ಕಣ್ಣೇ ಅವಳ ಅನ್ನ.

ಹಳೆಯ ಮಾನಿಟರು ಕೆಟ್ಟಿತು. ಈಗಿನ ಗಿರಾಕಿಗಳಿಗೆಲ್ಲ ಎಚ್‌ಡಿಆರ್ ವಿಡಿಯೋ ಬೇಕು, ಬಿಸಿಲೂ ಕಾಣಬೇಕು ನೆರಳೂ ಕಾಣಬೇಕು. ನನ್ನ ಕೈಲಿದ್ದದ್ದು ಹದಿನೆಂಟು ಸಾವಿರ. ಬಳ್ಳಾರಿಗೆ ಹೊರಟಾಗ ಮಂಜುಳ ಒಂದು ಚೀಟಿ ಬರೆದುಕೊಟ್ಟು, ಬಾಯಲ್ಲೂ ಹೇಳಿದಳು.

"ಅಣ್ಣ, ಎಚ್‌ಡಿಆರ್ ಅಂತ ಅಂಟ್ಸಿರೋದ್ನ ನಂಬಬ್ಯಾಡಿ. ಆ ವಿಡಿಯೋ ಹಾಕಿದ್ರೆ ಓಡ್ತೈತೆ ಅಂತ ಅಷ್ಟೇ ಅದರರ್ಥ. ಚೆನ್ನಾಗಿ ತೋರ್ಸಕ್ಕೆ ಬೆಳಕು ಬೇಕಲ್ಲ? ನಾನೂರು ನಿಟ್ಸ್ ಬೆಳಕಾದ್ರೂ ಇರ್ಲಿ, ಕಪ್ಪಿರೋ ಕಡೆ ಪರದೆ ಹಿಂದಿನ ಲೈಟು ಆರ್ಬೇಕು. ನಮ್ ದುಡ್ಡಿಗೆ ಸಿಗ್ದಿದ್ರೆ ಎಚ್‌ಡಿಆರ್ ಬಿಟ್ಟಾಕಿ, ಬಣ್ಣ ಸರಿ ಇರೋ ಇಪ್ಪತ್ನಾಕು ಇಂಚಿಂದೇ ತನ್ನಿ."

ಅಂಗಡಿಯಲ್ಲಿ ಮೂವತ್ತೆರಡು ಇಂಚಿನದೊಂದು, ಬಾಗಿದ ಪರದೆಯದು, ಧಗಧಗ ಉರಿಯುವ ಬೆಂಕಿ ತೋರಿಸುತ್ತ ನಿಂತಿತ್ತು. ಮೂಲೆಯಲ್ಲಿ ಎಚ್‌ಡಿಆರ್ ಎಂಬ ಬಂಗಾರದ ಬಣ್ಣದ ಸ್ಟಿಕ್ಕರು. ಡಬ್ಬಿ ತಿರುಗಿಸಿದ್ದರೆ ಇನ್ನೂರೈವತ್ತು ನಿಟ್ಸ್ ಎಂದು ಸಣ್ಣಕ್ಷರದಲ್ಲಿ ಕಾಣುತ್ತಿತ್ತು. ತಿರುಗಿಸದೆ ಅದನ್ನೇ ಕೊಂಡೆ. ಚೀಟಿ ಜೇಬಿನಲ್ಲೇ ಉಳಿಯಿತು. ಸಂಬಳ ಕೊಡುವವನು ನಾನು, ಇವಳು ಬರೆದ ಚೀಟಿ ಹಿಡಿದು ಸಾಮಾನು ತರಬೇಕೇ ಎಂಬ ಕೊಬ್ಬು ನನಗೆ.

ಮಂಜುಳ ಅದನ್ನು ಹಚ್ಚಿ ನೋಡಿದಳು. "ಕಪ್ಪೆಲ್ಲ ಬೂದಿ ಬಳ್ದಂಗೈತಣ್ಣ. ಎಚ್‌ಡಿಆರ್ ಆಫ್ ಮಾಡ್ಲಾ?"

"ಮುಟ್ಟಬ್ಯಾಡ! ಅದಕ್ಕಂತನ ತಂದೀನಿ," ಎಂದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮೊದಲು ಬಂದದ್ದು ಸೂರಪ್ಪನ ಮಗಳ ಮದುವೆಯ ವಿಡಿಯೋ. ನೇಮಕಲ್ಲಿನ ಹತ್ತಿರ ಕುರಿ ಸಾಕುವ ಜನ. ಅವರಲ್ಲಿ ಮದುಮಕ್ಕಳನ್ನು ಕಂಬಳಿ ಹಾಸಿ ಕೂರಿಸಿಯೇ ಅಕ್ಕಿಕಾಳು ಹಾಕುವುದು. ಪರದೆಯ ಮೇಲೆ ಆ ಕಂಬಳಿ ಮಾಸಲಾಗಿ ಕಂಡಿತು. ಹೀಗೆ ಗದ್ದುಗೆಗೆ ಹಾಸುವ ಕಂಬಳಿ ಎಂದರೆ ಮಚ್ಚೆಯಿಲ್ಲದ ಕರಿ ಕಂಬಳಿ ಎಂದು ನನ್ನ ತಲೆಯಲ್ಲಿ ಕೂತಿತ್ತು.

"ಧೂಳು ಹಿಡದಂಗ ಐತಿ. ಕರ್ರಗ ಮಾಡು."

"ಧೂಳಲ್ಲ ಕಣಣ್ಣ, ಕೆಂಚು ಪಟ್ಟೆ. ನನ್ ಫೋನಲ್ಲಿ ನೋಡಿ, ಎಷ್ಟು ಚೆನ್ನಾಗೈತೆ."

"ಹದಿನೆಂಟು ಸಾವಿರದ್ದು ಸುಳ್ಳು, ನಿನ್ನ ಒಡಕು ಫೋನು ಖರೇನಾ? ಮಾಡು ಅಂದ್ರ ಮಾಡು."

ಮಾಡಿದಳು.

ವಾರ ಕಳೆದು ಸೂರಪ್ಪ ಸ್ಟುಡಿಯೋಕ್ಕೆ ಬಂದ. ಹೆಗಲ ಮೇಲೆ ಅದೇ ಕಂಬಳಿ. ಪಾಸ್‌ಪೋರ್ಟ್ ಫೋಟೋಕ್ಕೆ ನಾಲ್ಕು ಜನ ಕಾದು ಕೂತಿದ್ದರು. ಅವನು ಕೂಗಾಡಲಿಲ್ಲ. ಕಂಬಳಿಯನ್ನು ಬಾಗಿಲ ಬೆಳಕಿಗೆ ಹಾಸಿದ. ಕಪ್ಪಿನ ನಡುವೆ ಜೇನಿನ ಬಣ್ಣದ ಪಟ್ಟೆಗಳು.

"ಸಾವ್ಕಾರ್ರ, ಟಿವಿಯಾಗ ಮಗಳು ಅಳಿಯ ಹಾಳುಬಾವಿ ಮ್ಯಾಲ ಕುಂತಂಗ ಕಾಣ್ತಾರ್ರಿ. ಮಗಳ ಮದುವಿಗಂತ ಎರಡು ವರ್ಸ ಕೆಂಚು ಉಣ್ಣಿ ಕೂಡಿಟ್ಟು ನಾನ ನೇಯ್ದಿದ್ದೆ. ಈ ಪಟ್ಟಿ ಎಲ್ಲಿ ಹೋದವ್ರಿ?"

ನಾಲ್ಕು ಜನವೂ ನನ್ನ ಮುಖ ನೋಡಿದರು. ಆಗ ನನ್ನ ನಾಲಿಗೆ ಏನು ಮಾಡಿತು ನೋಡಿ.

"ಈಕಿ ಮಾಡಿದ್ದು ನೋಡ್ರಿ. ಕಣ್ಣು ಮಂಜಾಗ್ಯಾವ, ಬಣ್ಣ ತಿಳಿಯಂಗಿಲ್ಲ ಈಕಿಗೆ."

ಮಂಜುಳ ಒಮ್ಮೆ ನನ್ನನ್ನು ನೋಡಿ ತಲೆ ತಗ್ಗಿಸಿದಳು. ಗಿರಾಕಿಯ ಮುಂದೆ ಮಾಲೀಕನಿಗೆ ಎದುರಾಡುವ ರೂಢಿ ನಮ್ಮ ಕಡೆ ಇಲ್ಲ. ಸೂರಪ್ಪನೇ ಕರಗಿದ.

"ಬೈಬ್ಯಾಡ್ರಿ, ಪಾಪ. ಶನಿವಾರ ನನ್ನ ಹೆಂಡ್ತೀನ ಕಣ್ಣಿನ ಕ್ಯಾಂಪಿಗೆ ಕರಕೊಂಡು ಹೊಂಟೀನಿ. ನೀನೂ ಬಾರವ್ವ, ತೋರಸೋಣು."

ಅವನು ಹೋದ ಮೇಲೆ ನಾನೇ ಎಚ್‌ಡಿಆರ್ ಆಫ್ ಮಾಡಿ, ತಿದ್ದುವ ಮೊದಲಿನ ವಿಡಿಯೋ ಹಾಕಿದೆ. ಪಟ್ಟೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ಮಂಜುಳ ಅರ್ಧ ಗಂಟೆಯಲ್ಲಿ ಎಲ್ಲ ಸರಿಮಾಡಿದಳು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಚಹಾ ತರಿಸಲೇ ಎಂದು ಕೇಳಿದೆ.

ಗುರುವಾರ ಕಣೇಕಲ್ಲಿನ ಸ್ಟುಡಿಯೋದ ವಾಗೀಶ್ ಫೋನ್ ಮಾಡಿದ. "ಮಂಜುಳನ ಕಣ್ಣು ಹೋಗ್ಯಾವಂತಲ್ರಿ, ಖರೇನ? ನಮ್ಮ ಆಲ್ಬಂ ವಾಪಸ್ ಕಳಸ್ರಿ." ಆ ನಾಲ್ವರಲ್ಲಿ ಯಾರೋ ಅವನ ಊರಿನವರು. ಆಗಲಾದರೂ ಹೇಳಬಹುದಿತ್ತಲ್ಲ? "ಆತ್ರಿ" ಎಂದೆ. ಥೂ, ನನ್ನ ಜನ್ಮಕ್ಕಿಷ್ಟು! ವಾಗೀಶ್ ಆಲ್ಬಂ ವಾಪಸ್ ಕೇಳಿದ್ದಾನೆ ಎಂದಷ್ಟೇ ಅವಳಿಗೆ ತಿಳಿಸಿದೆ.

ಶನಿವಾರ ಬೆಳಿಗ್ಗೆ ಬಾಗಿಲಲ್ಲಿ ಆಟೋ ನಿಂತಿತು. ಒಳಗೆ ಸೂರಪ್ಪನ ಹೆಂಡತಿ ಓಬಮ್ಮ. "ಬಾರವ್ವ," ಎಂದು ಸೂರಪ್ಪ ಕರೆದ. ಮಂಜುಳ ಕೈಚೀಲ ತೆಗೆದುಕೊಂಡು ಎದ್ದೇಬಿಟ್ಟಳು. ನನ್ನ ಸುಳ್ಳನ್ನು ಹೊತ್ತುಕೊಂಡು ಆಟೋ ಹತ್ತಲು ಹೊರಟಿದ್ದಳು. ನನಗೆ ಎಲ್ಲಾದರೂ ಅಡಗಿಕೊಳ್ಳಬೇಕೆನಿಸಿತು.

"ಸೂರಪ್ಪಣ್ಣ, ಆಕಿ ಕಣ್ಣು ಸರಿ ಅದಾವ್ರಿ," ಎಂದೆ. "ಪಟ್ಟಿ ಐತಿ ಅಂತ ಆಕಿ ಹೇಳಿದ್ಲು. ಕರ್ರಗ ಮಾಡಿಸಿದೋನು ನಾನು. ಸುಳ್ಳು ಹೇಳಿದೋನೂ ನಾನ."

ಸೂರಪ್ಪ ಮಂಜುಳಳ ಕಡೆ ಕೈ ತೋರಿಸಿದ. "ನನಗ್ಯಾಕ ಹೇಳ್ತೀರಿ? ಆಕೀಗ್ ಹೇಳ್ರಿ."

"ತಪ್ಪಾತು ಮಂಜುಳಾ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಮಂಜುಳ ಕೈಚೀಲ ಕೆಳಗಿಡಲಿಲ್ಲ. "ಅವತ್ತು ನಾಕು ಜನ ಕೇಳಂಗೆ ಹೇಳಿದ್ರಿ ಅಣ್ಣ. ಅದು ಕೇಳೇ ವಾಗೀಶಣ್ಣ ಆಲ್ಬಂ ವಾಪಸ್ ಕೇಳಿರೋದು. ಇವತ್ತು ಇಷ್ಟು ಮೆಲ್ಲಗೆ ಹೇಳಿದ್ರೆ ಹೆಂಗೆ?" ಎನ್ನುತ್ತ ವಾಗೀಶನ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ನನ್ನ ಮುಂದೆ ಹಿಡಿದಳು.

ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ ಅಂದುಕೊಂಡೆ.

"ಅಲ್ರೀ ಸಿದ್ದರಾಮೇಶ್," ಎಂದ ವಾಗೀಶ್, ಎಲ್ಲರಿಗೂ ಕೇಳುವಂತೆ. "ಗುರುವಾರ ನಾನ ಫೋನ್ ಮಾಡಿ ಖರೇನ ಅಂತ ಕೇಳಿದಾಗ ಆತ್ರಿ ಅಂದ್ರಲ್ಲ, ಯಾಕ?"

ಮಂಜುಳ ಫೋನ್ ಹಿಡಿದ ಕೈ ಇಳಿಸದೆ ನನ್ನ ಮುಖವನ್ನೇ ನೋಡುತ್ತಿದ್ದಳು.