ಹನೀಫಣ್ಣನ ಏಟು

ಹನೀಫಣ್ಣ ಮೊದಲು ಹೊಡೆಯುತ್ತಿದ್ದರು, ಆಮೇಲೆ ಮಾತಾಡುತ್ತಿದ್ದರು. ಸಕಲೇಶಪುರದ ಬಸ್ ಸ್ಟ್ಯಾಂಡ್ ಹಿಂದಿನ ಅವರ ರಿಪೇರಿ ಅಂಗಡಿಯಲ್ಲಿ ಏಟು ತಿನ್ನದ ಗಿರಾಕಿ ಕಡಿಮೆ. ಬೆಳಗೋಡಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬ ಮೈಕ್ರೋವೇವ್ ಓವನ್ ತಂದಿಟ್ಟು, "ಮುಚ್ಚಳ ಬಿಚ್ಚಿ ಒಂಚೂರು ನೋಡ್ದೆ" ಎಂದದ್ದಷ್ಟೇ, ಕೆನ್ನೆಗೆ ಬಿತ್ತು. "ಜೀವ ಬ್ಯಾಡ್ವೇನೋ ನಿಂಗೆ?" ಎಂದು ಬೈದು, ಅವನಿಗೇ ಟೀ ತರಿಸಿದರು. ಇಂಥವರನ್ನು ಮನೆಗೆ ಕರೆಸಲು ನನಗೆ ಪುಕುಪುಕು. ಆದರೆ ಅವರು ರಿಪೇರಿ ಮಾಡಿದ್ದು ಮತ್ತೆ ಕೆಡುತ್ತಿರಲಿಲ್ಲ.

ಹೊಂಗಡಹಳ್ಳದ ನಮ್ಮ ಹೋಂಸ್ಟೇ ಓವನ್ನಿನಲ್ಲಿ ದೀಪ ಉರಿಯುತ್ತಿತ್ತು, ತಟ್ಟೆ ತಿರುಗುತ್ತಿತ್ತು, ನೀರು ಮಾತ್ರ ಬಿಸಿಯಾಗುತ್ತಿರಲಿಲ್ಲ. "ಮ್ಯಾಗ್ನೆಟ್ರಾನ್ ಸುಟ್ಟೈತೆ ಕಣಮ್ಮಾ, ಬಿಸಿ ಮಾಡೋದೇ ಅದು" ಎಂದ ಹನೀಫಣ್ಣ, ಪ್ಲಗ್ ಕಿತ್ತು ಮುಚ್ಚಳ ಬಿಚ್ಚಿದರು. ಒಳಗಿನ ತಗಡಿನ ಡಬ್ಬಿಯೊಂದನ್ನು ತೋರಿಸಿದರು. "ಇದು ಕೆಪಾಸಿಟರ್. ಪ್ಲಗ್ ಕಿತ್ರೂ ಕರೆಂಟ್ ಇಟ್ಕೊಂಡು ಕೂತಿರ್ತೈತೆ. ಖಾಲಿ ಮಾಡೋ ಕೋಲು ಸ್ಕೂಟರಲ್ಲೇ ಬಿಟ್ಬುಟ್ಟೆ. ನಾ ಬರೋಗಂಟ ಯಾರೂ ಮುಟ್ಬ್ಯಾಡಿ."

ಅವರು ಹೊರಗೆ ಹೋಗಿದ್ದೇ ತಡ, ಊರಿಗೇ ಕರೆಂಟ್ ಹೋಯಿತು. ನಮ್ಮ ಕಡೆ ಸ್ವಿಚ್ಚು ಕೆಡಲಿ, ಹೋಲ್ಡರ್ ಕೆಡಲಿ, ಕರೆಂಟ್ ಹೋಗುವುದನ್ನೇ ಕಾದು ರಿಪೇರಿಗೆ ಕೂರುವುದು ರೂಢಿ. ನನ್ನ ಗಂಡ ಮಂಜುನಾಥರಿಗೂ ಅದೇ ಬುದ್ಧಿ. "ಈಗೇನ್ ಭಯ, ಲೈನೇ ಹೋಗೈತಲ್ಲ" ಎಂದು ಸ್ಕ್ರೂಡ್ರೈವರ್ ಹಿಡಿದು ಓವನ್ ಒಳಗೆ ಕೈ ಚಾಚಿದರು.

ಕೋಲು ತಂದ ಹನೀಫಣ್ಣ ಬಾಗಿಲಿನಿಂದಲೇ ಅದನ್ನು ಕಂಡರು. ಕೂಗಲಿಲ್ಲ, ಓಡಿ ಬಂದು ನನ್ನ ಗಂಡನ ಪಕ್ಕೆಗೆ ಒದ್ದರು. ಇವರು ಹೋಗಿ ರುಬ್ಬುವ ಕಲ್ಲಿಗೆ ಬಿದ್ದರು. ಹೆಗಲ ಮೂಳೆ ಲಟ್ ಎಂದಿದ್ದು ನನಗೆ ಕೇಳಿಸಿತು. ಹೊರಗಿದ್ದ ಮೈದುನ ಒಳನುಗ್ಗಿ, "ನಮ್ಮಣ್ಣಂಗೆ ಒದೀತೀಯ?" ಎಂದು ಹನೀಫಣ್ಣನ ಮುಖಕ್ಕೆ ಗುದ್ದಿದ. ಮೂಗು ಒಡೆದು ಅಂಗಿಯೆಲ್ಲ ರಕ್ತ. ಸುಳ್ಳೇಕೆ ಹೇಳಲಿ, ನಾನೂ ಲಟ್ಟಣಿಗೆ ಎತ್ತಿಕೊಂಡಿದ್ದೆ.

ಅವರು ತಿರುಗಿ ಹೊಡೆಯಲಿಲ್ಲ. ಸುರಿಯುವ ರಕ್ತದಲ್ಲೇ ಎಡಗೈ ಬೆನ್ನ ಹಿಂದಿಟ್ಟು, ಬಲಗೈಯ ಕೋಲನ್ನು ಕೆಪಾಸಿಟರಿಗೆ ತಾಗಿಸಿದರು. ಚಟ್ ಎಂದು ನೀಲಿ ಕಿಡಿ ಹಾರಿತು. ಮತ್ತೆ ಗುದ್ದಲು ಎತ್ತಿದ್ದ ಮೈದುನನ ಕೈ ಅಲ್ಲೇ ನಿಂತಿತು.

ಆಸ್ಪತ್ರೆಗೆ ಹೋಗುವಾಗ ಜೀಪಿನಲ್ಲಿ ಇವರ ತಲೆ ಹನೀಫಣ್ಣನ ತೊಡೆಯ ಮೇಲಿತ್ತು. "ನನ್ ತಮ್ಮನೂ ಹಿಂಗೇ ಕರೆಂಟ್ ಹೋಗೈತೆ ಅಂತ ಕೈ ಇಕ್ದ" ಎಂದರು. "ಬ್ಯಾಡ ಕಣೋ ಅಂತ ಬಾಯಲ್ಲಿ ಹೇಳ್ದೆ. ಹೇಳೋವಷ್ಟ್ರಲ್ಲಿ ಹೋಗ್ಬುಟ್ಟ." ನನಗೆ ಅಳು ಬಂತು, ಸಿಟ್ಟೂ ಪೂರ್ತಿ ಇಳಿದಿರಲಿಲ್ಲ.

ಮರುದಿನ ಊದಿದ ಮೂಗಿನಲ್ಲೇ ಬಂದು, ಮತ್ತೊಮ್ಮೆ ಕೋಲು ತಾಗಿಸಿ ನೋಡಿ, ಹೊಸ ಮ್ಯಾಗ್ನೆಟ್ರಾನ್ ಹಾಕಿಕೊಟ್ಟರು. ಇವರ ಹೆಗಲು ಸೊಟ್ಟಗೇ ಕೂಡಿತು. ಚಳಿಗೆ ನೋವೆದ್ದಾಗಲೆಲ್ಲ ಹನೀಫಣ್ಣನಿಗೆ ಶಾಪ ಹಾಕುತ್ತಿದ್ದರು, ಟೌನಿಗೆ ಹೋದಾಗ ಮಾತ್ರ ಅವರ ಅಂಗಡಿಯಲ್ಲಿ ಕೂರದೆ ಬರುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಹನೀಫಣ್ಣನಿಗೆ ಲಕ್ವ ಹೊಡೆದಿದೆ ಎಂದು ಕೇಳಿ ಇಬ್ಬರೂ ನೋಡಲು ಹೋದೆವು. ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಕಾಯಿಲೆಗೆ ಮುಂಚೆ ಅವರೇ ಬಿಚ್ಚಿದ್ದ ಓವನ್ನೊಂದು ಮಂಚದ ಪಕ್ಕದಲ್ಲಿತ್ತು. ಇವರು ಸುಮ್ಮನೆ ಅದರತ್ತ ಕೈ ಚಾಚಿದರು. ಹನೀಫಣ್ಣನ ಕಣ್ಣು ಕೆಂಪಾಯಿತು. ಬಲಭುಜ ಅದುರಿತು, ಕೈ ಏಳಲಿಲ್ಲ.

ಇವರು ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡರು. ಆ ಬಿದ್ದ ಕೈಯನ್ನು ಎತ್ತಿ ತಮ್ಮ ಸೊಟ್ಟ ಹೆಗಲ ಮೇಲಿಟ್ಟುಕೊಂಡು ಅಂದರು: "ಹೊಡ್ದಂಗೇ ಆಯ್ತು ಬುಡಿ, ಹನೀಫಣ್ಣ."